ಕೆಂಪು ನಮಗೆ ಬೇಡ

“ಹದಿನೇಳೇ ಯಾಕೆ?”

ಈ ಪ್ರಶ್ನೆಯನ್ನು ಮೀಟರಣ್ಣ ಯಾರನ್ನೂ ಉದ್ದೇಶಿಸಿ ಕೇಳಲಿಲ್ಲ. ಕೇಳುವ ಭಂಗಿಯಲ್ಲೂ ಇರಲಿಲ್ಲ. ಅವನು ಆಗ ಮೂಲೆಮನೆಯ ಗೇಟಿನ ಪಕ್ಕ ಬೋರಲು ಮಲಗಿ, ಕಬ್ಬಿಣದ ಮುಚ್ಚಳ ಸರಿಸಿದ ಗುಂಡಿಯೊಳಕ್ಕೆ ಭುಜದ ತನಕ ಇಳಿದು, ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ನೀರಿನ ಮೀಟರಿನ ಗಾಜು ಒರೆಸುತ್ತಿದ್ದ. ಹೊರಗಿನಿಂದ ನೋಡಿದವರಿಗೆ ಕಾಣುತ್ತಿದ್ದದ್ದು ಒಂದು ಜೊತೆ ಸವೆದ ಚಪ್ಪಲಿ ಮತ್ತು ಇಲಾಖೆ ಕೊಟ್ಟ ಖಾಕಿ ಪ್ಯಾಂಟು ಮಾತ್ರ.

ಗುಂಡಿಯೊಳಗೆ ಮೆಲ್ಲಗೆ ಆಡಿದ ಮಾತು ಹೊರಗೆ ದೊಡ್ಡದಾಗಿ ಕೇಳುತ್ತದೆ. ಅಲ್ಲೇ ಬಟ್ಟೆ ಹರವುತ್ತಿದ್ದ ಮೂಲೆಮನೆಯಾಕೆ ಬಕೆಟ್ಟು ಕೆಳಗಿಟ್ಟು ಬಂದಳು.

“ಹದಿನೇಳಾ? ಹೋದ ತಿಂಗಳು ಒಂಬತ್ತಿತ್ತಲ್ರೀ! ನಾವೇನು ನೀರು ಬಳಸ್ತೀವಾ, ಇಲ್ಲ ನೀರೊಳಗೇ ಸಂಸಾರ ಮಾಡ್ತೀವಾ?”

“ನಿಮ್ಮದಲ್ಲಮ್ಮ,” ಎಂದಿತು ಖಾಕಿ ಪ್ಯಾಂಟು. “ಅದು ದೇವರದ್ದು.”

“ದೇವರಿಗೂ ಮೀಟರ್ ಹಾಕಿಬಿಟ್ರಾ?”

ಮೀಟರಣ್ಣ ಹೊರಗೆ ಬಂದು ಮೊಣಕೈ ಕೊಡವಿಕೊಂಡ. ಹಣೆಗೆ ಜೇಡರ ಬಲೆ ಮೆತ್ತಿತ್ತು. ಮೂಲೆಮನೆಯಾಕೆ ಗುಂಡಿಯೊಳಗೆ ಬಗ್ಗಿ ನೋಡಿ, “ಆ ಕೆಂಪಂಕಿ ಗಿರಗಿರ ಅಂತ ತಿರುಗ್ತಾನೇ ಇದೆ. ಅದನ್ನೂ ಬರ್ಕೊಂಡ್ರಾ?” ಎಂದಳು.

“ಕೆಂಪು ನಮಗೆ ಬೇಡಮ್ಮ. ಕಪ್ಪು ಮಾತ್ರ.”

ಇದು ಅವನ ಕಸುಬಿನ ಮೊದಲ ಪಾಠ. ನೀರಿನ ಮೀಟರಿನಲ್ಲಿ ಕಪ್ಪಂಕಿ ಎಂದರೆ ತುಂಬಿದ ಲೆಕ್ಕ. ಕೆಂಪಂಕಿ ಎಂದರೆ ಇನ್ನೂ ತುಂಬದ ಚೂರುಪಾರು. ಇಲಾಖೆಗೆ ತುಂಬಿದ್ದಷ್ಟೇ ಬೇಕು. ಮೂವತ್ತೊಂದು ವರ್ಷ ದಿನಕ್ಕೆ ಅರವತ್ತು ಗುಂಡಿಯಂತೆ ಇಣುಕಿ ಇಣುಕಿ ಮೀಟರಣ್ಣನ ಕಣ್ಣು ಹದವಾಗಿತ್ತು. ರಸ್ತೆಯ ಕೆಂಪು ದೀಪವೊಂದನ್ನು ಬಿಟ್ಟರೆ ಬೇರೆ ಯಾವ ಕೆಂಪೂ ಅವನಿಗೆ ಕಾಣುವುದಿಲ್ಲ ಎಂದು ಆಫೀಸಿನವರು ತಮಾಷೆ ಮಾಡುತ್ತಿದ್ದರು. ಆ ದೀಪದ ವಿಷಯದಲ್ಲೂ ಟ್ರಾಫಿಕ್ಕಿನವರಿಗೆ ಅನುಮಾನವಿತ್ತು.

ಅವನ ತಲೆಯೊಳಗೆ ಹದಿನೇಳು ಹೊಕ್ಕದ್ದು ಹೇಗೆ ಎಂದು ಹೇಳಬೇಕಾದರೆ ಅವನ ಎದುರು ಮನೆಯ ದರ್ಜಿಯಿಂದ ಶುರುಮಾಡಬೇಕು. ದರ್ಜಿ ಕೆಟ್ಟವನಲ್ಲ. ಬಾಯಲ್ಲಿ ಸದಾ ನಾಲ್ಕು ಗುಂಡುಸೂಜಿ ಕಚ್ಚಿಕೊಂಡಿರುವ ಮನುಷ್ಯನ ಮಾತು ಮೃದುವಾಗಿರಬೇಕೆಂದು ನಾವು ಬಯಸುವುದೂ ತಪ್ಪು. ಒಂದು ಸಂಜೆ ಮೀಟರಣ್ಣ ಅಂಗಿಯ ಅಳತೆ ಕೊಡುತ್ತ, ಮನೆಯಲ್ಲಿ ಅಕ್ಕ ಹೇಳುವ ಗ್ರಂಥದ ಪದ್ಯಗಳು ಸಾಕ್ಷಾತ್ ದೇವರ ಬಾಯಿಂದಲೇ ಬಂದವು ಎಂದ.

“ಹೌದಾ? ಚೀಟಿ ಎಲ್ಲಿ?” ಎಂದ ದರ್ಜಿ.

“ಎಂಥ ಚೀಟಿ?”

“ನಾನು ಹೊಲಿದ ಅಂಗಿ ಅಂತ ಹೇಗೆ ಗೊತ್ತಾಗುತ್ತೆ? ಕಾಲರ್ ಒಳಗೆ ನನ್ನ ಚೀಟಿ ಹಾಕಿರ್ತೀನಿ. ನಿಮ್ಮ ದೇವರು ಅಷ್ಟುದ್ದ ಪದ್ಯ ಹೊಲಿದಿದ್ದಾನಲ್ಲ, ತಂದು ತೋರಿಸಪ್ಪ ಎಲ್ಲಿ ಹಾಕಿದ್ದಾನೆ ಅಂತ. ಕೈ ಎತ್ತು, ಕಂಕುಳ ಅಳತೆ ತಗೋಬೇಕು.”

ಕಂಕುಳ ಅಳೆಸಿಕೊಳ್ಳುತ್ತ ನಿಂತ ಮನುಷ್ಯನಿಗೆ ವಾದ ಮಾಡಲು ಬರುವುದಿಲ್ಲ. ಮೀಟರಣ್ಣ ಎರಡೂ ಕೈ ಮೇಲೆತ್ತಿ, ಸೋತವನ ಹಾಗೆಯೇ ನಿಂತಿದ್ದ.

ಆದರೆ ಮಾತು ನಾಟಿತು. ನಾಟುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಅಕ್ಕ ತಮ್ಮ ಹೋಗುವ ಮಂದಿರದಲ್ಲಿ ಗ್ರಂಥ ಹೇಳುವುದಕ್ಕೆ ಒಂದು ಕ್ರಮವಿದೆ. ಹೇಳುವವರು ಒಬ್ಬರು, ಅವರ ಎದುರಿಗೆ ಪುಟ್ಟ ಸ್ಟೂಲಿನ ಮೇಲೆ ಕೂತು ಕೇಳುವವರು ಒಬ್ಬರು. ಪದ್ಯಗಳ ನಡುನಡುವೆ, ಹೇಳುವವರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ, ಎದುರು ಕೂತವನು ಒಂದು ಸಾಲು ಹೇಳಬೇಕು: “ಕೇಳುತ್ತಿದ್ದೇನೆ, ಇಲ್ಲೇ ಇದ್ದೇನೆ.” ಅದನ್ನು ಅವನೊಬ್ಬನೇ ಹೇಳಬೇಕು, ನೂರು ಜನ ನೆರೆದಿದ್ದರೂ ಬೇರೆಯವರು ತುಟಿ ಬಿಚ್ಚುವಂತಿಲ್ಲ. ಆ ಸಾಲು ಬಾರದೆ ಮುಂದಿನ ಪದ್ಯ ಹೊರಡುವಂತಿಲ್ಲ. ಗ್ರಂಥದಲ್ಲೂ ಅದನ್ನು ಬೇರೆ ಶಾಯಿಯಲ್ಲಿ ಅಚ್ಚು ಹಾಕಿದ್ದರು.

ಮೀಟರಣ್ಣ ಐವತ್ತು ವರ್ಷದಿಂದ ಎದುರು ಕೂರುವವ. ಅಮ್ಮ ಹೋದಾಗ ಅವನಿಗೆ ನಾಲ್ಕು, ಅಕ್ಕನಿಗೆ ಇಪ್ಪತ್ತು. ಅದುವರೆಗೆ ಅಮ್ಮ ಹೇಳುತ್ತಿದ್ದಳು, ಅಕ್ಕ ಎದುರು ಕೂರುತ್ತಿದ್ದಳು. ಆಮೇಲೆ ಅಕ್ಕ ಹೇಳತೊಡಗಿದಳು. ಖಾಲಿಯಾದ ಸ್ಟೂಲಿನ ಮೇಲೆ ಇವನನ್ನು ಎತ್ತಿ ಕೂರಿಸಿದಳು. ಮದುವೆ ಎನ್ನುವುದು ಇಬ್ಬರಿಗೂ ಒದಗಿ ಬರಲಿಲ್ಲ. ಸಂಜೆ ಆರಕ್ಕೆ ಅವನು ಕೈಕಾಲು ತೊಳೆದು ಸ್ಟೂಲು ಎಳೆದುಕೊಂಡರೆ, ಅಕ್ಕ ಪುಸ್ತಕ ಮುಟ್ಟದೆ ಒಂದು ಅಧ್ಯಾಯ ಹೇಳುವಳು. ಅವಳ ದನಿ ಏರದೆ ಇಳಿಯದೆ, ತುಂಬಿದ ಕೊಡ ಹೊತ್ತವಳು ನಡೆದ ಹಾಗೆ ಬರುತ್ತಿತ್ತು. ಆ ದನಿ ಕೇಳಿ ಬೆಳೆದವನಿಗೆ ದೇವರು ಇದ್ದಾನೋ ಇಲ್ಲವೋ ಎಂಬ ಪ್ರಶ್ನೆ, ಗೋಡೆ ಇದೆಯೋ ಇಲ್ಲವೋ ಎಂದಷ್ಟೇ ದೂರದ್ದು.

ಇಷ್ಟಿದ್ದೂ ಮನುಷ್ಯನಿಗೆ ಒಂದು ಆಸೆ. ಮಂದಿರದ ಅಧ್ಯಕ್ಷರು ಪ್ರತಿ ಸಭೆಯ ಕೊನೆಗೆ ವಂದನೆ ಹೇಳುವಾಗ ಗ್ರಂಥ ಹೇಳಿದವರಿಗೆ ಹೇಳುತ್ತಿದ್ದರು, ಮೈಕಿನವನಿಗೆ ಹೇಳುತ್ತಿದ್ದರು, ಕುರ್ಚಿ ಜೋಡಿಸಿದವರಿಗೆ ಹೇಳುತ್ತಿದ್ದರು; ಎದುರು ಕೂತವನ ನೆನಪು ಅವರಿಗೆ ಎಂದೂ ಆಗಿರಲಿಲ್ಲ. ಕೇಳಿದವನಿಗೆ ವಂದನೆ ಹೇಳುವುದು ಉಂಟೇ? ಒಂದು ಸಲವಾದರೂ ತಾನು ಎದ್ದು ನಿಂತು ಏನಾದರೂ ಹೇಳಬೇಕು, ಉಳಿದವರು ಕೂತು ಕೇಳಬೇಕು ಎಂದು ಮೀಟರಣ್ಣನಿಗೆ ಒಳಗೊಳಗೇ ಇತ್ತು.

ಅದಕ್ಕೇ ಅವನು ಚೀಟಿ ಹುಡುಕಲು ಕೂತ. ಬಲ್ಲವರು ಅರ್ಥ ಹುಡುಕುತ್ತಾರೆ. ಇವನಿಗೆ ಗೊತ್ತಿದ್ದದ್ದು ರೀಡಿಂಗ್ ತೆಗೆಯುವುದು. ಹಳೆಯ ಮೀಟರ್ ಪುಸ್ತಕವೊಂದನ್ನು ಬಿಚ್ಚಿ, “ಮನೆ ಸಂಖ್ಯೆ” ಎಂದಿದ್ದಲ್ಲಿ ಅಧ್ಯಾಯದ ಸಂಖ್ಯೆ ಬರೆದು, “ಈ ತಿಂಗಳ ರೀಡಿಂಗ್” ಎಂದಿದ್ದಲ್ಲಿ ಪದ್ಯಗಳ ಸಂಖ್ಯೆ ಬರೆದ. ಒಂಬತ್ತು ಅಧ್ಯಾಯ, ಒಂಬತ್ತು ಮನೆ. ಏಳರಿಂದ ಭಾಗಿಸಿ ನೋಡಿದ, ಮೂರನೇ ಮನೆಯಲ್ಲಿ ಸೋರಿತು. ಹನ್ನೊಂದು, ಎರಡನೇ ಮನೆಯಲ್ಲೇ ಒಡೆಯಿತು. ಹದಿಮೂರಂತೂ ಹೊಸಲು ದಾಟಲಿಲ್ಲ. ಹದಿನೇಳಕ್ಕೆ ಬಂದಾಗ ಮೊದಲ ಅಧ್ಯಾಯ ಐವತ್ತೊಂದು: ಹದಿನೇಳು ಮೂರ್ಲಿ! ಎರಡನೆಯದು ಮೂವತ್ತನಾಲ್ಕು: ಹದಿನೇಳು ಎರಡ್ಲಿ! ಐದನೆಯದು ಬರೀ ಹದಿನೇಳು! ಮೀಟರಣ್ಣನ ಮೈಮೇಲೆ ಮುಳ್ಳೆದ್ದವು.

ಒಂದೆರಡು ಮನೆ ತಕರಾರು ಮಾಡಿದವು, ನಿಜ. ಮೂರನೆಯದಕ್ಕೆ ಒಂದು ಪದ್ಯ ಸಾಲದೆ ಬಂತು; ತಲೆಬರಹವನ್ನೂ ಪದ್ಯವೆಂದು ಹಿಡಿದ. ಆರನೆಯದರಲ್ಲಿ ಒಂದು ಹೆಚ್ಚಾಯಿತು. ಕೊನೆಯ ಮಂಗಳವನ್ನು ಬಿಟ್ಟ. ಎಂಟನೆಯದು ಯಾವುದಕ್ಕೂ ಬಗ್ಗದಾಗ ಎರಡು ಗಿಡ್ಡ ಪದ್ಯಗಳನ್ನು ಸೇರಿಸಿ ಒಂದು ಮಾಡಿದ. ಇದು ಮೋಸವೆಂದು ಅವನಿಗೆ ತೋರಲಿಲ್ಲ. ಮೀಟರು ನಿಂತುಹೋದ ಮನೆಗೆ ಸರಾಸರಿ ಬರೆಯುವ ಪದ್ಧತಿ ಇಲಾಖೆಯಲ್ಲೇ ಇದೆ, ಅದಕ್ಕೆ ಸಾಹೇಬರ ಸಹಿಯೂ ಬೀಳುತ್ತದೆ. ದೇವರ ಕೆಲಸಕ್ಕೆ ಅಷ್ಟು ಹೊಂದಾಣಿಕೆ ಬೇಡವೇ?

ಅಲ್ಲಿಂದ ಮುಂದೆ ಸಂಜೆಯ ಸ್ಟೂಲಿನ ಮೇಲೆ ಕೂತವನು ಬೇರೆ ಮನುಷ್ಯ. ಅಕ್ಕ ಪದ್ಯ ಹೇಳುತ್ತಿದ್ದರೆ ಇವನ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಹತ್ತಿ ಇಳಿಯುತ್ತಿತ್ತು. ಮೊದಲ ದಿನ ನಾಲ್ಕು ಪದ್ಯವಾದ ಮೇಲೆ ಅಕ್ಕ ನಿಂತಳು. ಇವನು ತುಟಿ ಕಚ್ಚಿಕೊಂಡು “ನಾಲ್ಕು” ಎಂಬುದನ್ನು ಒಳಗೇ ಭದ್ರವಾಗಿ ಹಿಡಿದಿದ್ದ. ಬಾಯಿ ತೆಗೆದರೆ ಲೆಕ್ಕ ಹಾರಿಹೋಗುತ್ತದಲ್ಲ! ಅಕ್ಕ ಸ್ವಲ್ಪ ಕಾದು, ಅವನ ಸಾಲನ್ನು ತಾನೇ ಮೆಲ್ಲಗೆ ಹೇಳಿಕೊಂಡು ಮುಂದೆ ಹೋದಳು. ಮಾರನೆಯ ದಿನವೂ ಹಾಗೇ ಆಯಿತು. ನಾಲ್ಕನೆಯ ದಿನ ನಡುವೆ ನಿಲ್ಲಿಸಿದಳು.

“ಮರಿ, ಎಲ್ಲಿದ್ದೀಯೋ?”

“ಇಲ್ಲೇ ಇದ್ದೀನಲ್ಲಕ್ಕ.”

“ಹೂಂ,” ಎಂದಳು ಅಕ್ಕ.

ಐವತ್ತನಾಲ್ಕು ವರ್ಷದವನನ್ನು ಮರಿ ಎಂದು ಕರೆಯುವವಳು ಲೋಕದಲ್ಲಿ ಅವಳೊಬ್ಬಳೇ. ಆ “ಹೂಂ” ಎಂಬುದರಲ್ಲಿ ಏನಿತ್ತೆಂದು ಇವನು ಕೇಳಿಸಿಕೊಳ್ಳಲಿಲ್ಲ. ಅದು ಲೆಕ್ಕಕ್ಕೆ ಬರುವಂಥದ್ದಲ್ಲವಲ್ಲ. ಬದಲಿಗೆ ಸಂತೋಷ ತಡೆಯಲಾರದೆ ಮೀಟರ್ ಪುಸ್ತಕ ತಂದು ಅವಳ ಮುಂದೆ ಹಿಡಿದ. “ಚೀಟಿ ಸಿಕ್ತಕ್ಕ! ಪ್ರತಿ ಅಧ್ಯಾಯದಲ್ಲೂ ಹದಿನೇಳು. ಮನುಷ್ಯರು ಬರೆದಿದ್ರೆ ಹೀಗೆ ಬರ್ತಿತ್ತಾ?”

ಅಕ್ಕನ ಕಣ್ಣಿಗೆ ಪುಸ್ತಕದ ಗೀಟು ಬಿಟ್ಟು ಬೇರೇನೂ ಕಾಣಲಿಲ್ಲ. “ನಿನಗೆ ಇಷ್ಟು ದಿನ ನಂಬಿಕೆ ಇರ್ಲಿಲ್ವೇನೋ?”

“ನನಗಿತ್ತು. ದರ್ಜಿಗೆ ಬೇಕಲ್ಲ.”

“ಅಂಗಿ ಮೈಗೆ ಕೂತ್ರೆ ಸಾಲದಾ? ಕಾಲರ್ ಬಿಚ್ಚಿ ನೋಡ್ಬೇಕಾ?” ಎಂದಳು ಅಕ್ಕ. “ಚಿಕ್ಕವನಿದ್ದಾಗ ನಾನು ಊಟಕ್ಕೆ ಕೂಗಿದ್ರೆ ಓಡಿ ಬರ್ತಿದ್ದೆ. ಎಷ್ಟು ಅಕ್ಷರದಲ್ಲಿ ಕೂಗಿದ್ಲು ಅಂತ ಎಣಿಸ್ತಾ ನಿಲ್ತಿದ್ಯಾ?”

ಒಳ್ಳೆಯ ಮಾತು. ಆದರೆ ಮೀಟರಣ್ಣ ಆಗ ಆ ಮಾತಿನಲ್ಲಿ ಎಷ್ಟು ಪದಗಳಿವೆ ಎಂದು ನೋಡುತ್ತಿದ್ದ.

ಆ ತಿಂಗಳು ಬೀದಿಯಲ್ಲಿ ನಡೆದದ್ದನ್ನು ಕೆಲವರು ಪವಾಡ ಎನ್ನುತ್ತಾರೆ, ಇಲಾಖೆ ಕರ್ತವ್ಯಲೋಪ ಎನ್ನುತ್ತದೆ. ಮೀಟರಣ್ಣ ಮನೆಮನೆಯ ಬಾಗಿಲಿಗೆ ಸಿಕ್ಕಿಸಿ ಹೋಗುವ ಚೀಟಿಗಳನ್ನು ಹೆಂಗಸರು ಹಿತ್ತಿಲಲ್ಲಿ ಹೋಲಿಸಿ ನೋಡಿದರು. ಮೂಲೆಮನೆಗೆ ಹದಿನೇಳು. ಅದರ ಪಕ್ಕದ ಮನೆಗೆ ಹದಿನೇಳು. ದರ್ಜಿಗೆ ಹದಿನೇಳು. ಆರು ತಿಂಗಳಿಂದ ಬೀಗ ಹಾಕಿದ್ದ ಮನೆಗೂ ಹದಿನೇಳು. ಒಟ್ಟು ಇಪ್ಪತ್ತೆರಡು ಮನೆ, ಒಂದೇ ಅಂಕಿ!

“ನಾನು ಅವತ್ತೇ ಕೇಳಿಸಿಕೊಂಡೆ,” ಎಂದಳು ಮೂಲೆಮನೆಯಾಕೆ, ದನಿ ತಗ್ಗಿಸಿ. “ಗುಂಡಿಯೊಳಗಿಂದ ‘ಅದು ದೇವರದ್ದು’ ಅಂತ ಬಂತು. ಮೀಟರಣ್ಣನ ದನಿ ಹಾಗಿರಲೇ ಇಲ್ಲ. ಗಂಭೀರವಾಗಿತ್ತು.”

“ಗುಂಡಿಯೊಳಗೆ ತಲೆ ಇಟ್ರೆ ನನ್ನ ದನಿಯೂ ಗಂಭೀರವಾಗುತ್ತೆ,” ಎಂದ ದರ್ಜಿ. ಆದರೆ ಅವನ ಮನೆಯಲ್ಲಿ ಏಳು ಜನ, ನೀರು ಮೂವತ್ತಕ್ಕೆ ಕಡಿಮೆ ಖರ್ಚಾದದ್ದೇ ಇಲ್ಲ. ಹದಿನೇಳರ ಚೀಟಿ ನೋಡಿ ಅವನ ನಾಸ್ತಿಕತೆ ಅರ್ಧಕ್ಕರ್ಧ ಇಳಿದಿತ್ತು. “ಇರಬಹುದಪ್ಪ, ಹೇಳೋಕಾಗಲ್ಲ,” ಎಂದು ಸೇರಿಸಿದ.

ಬೀಗದ ಮನೆಯ ಮಾಲೀಕ ಮಾತ್ರ ಎಲ್ಲಿಂದಲೋ ಫೋನು ಮಾಡಿ, ಪವಾಡವನ್ನು ಬೇರೆಯವರ ಮನೆಯಲ್ಲಿ ನಡೆಸಿಕೊಳ್ಳಿ ಎಂದು ಇಲಾಖೆಗೆ ದೂರು ಕೊಟ್ಟ. ಸಾಹೇಬರು ಮೀಟರಣ್ಣನನ್ನು ಕರೆಸಿದರು.

“ಏನ್ರೀ ಇದು? ಇಡೀ ಬೀದಿ ಮಾತಾಡಿಕೊಂಡು ನೀರು ಕುಡಿದಿದೆಯಾ?”

ಮೀಟರಣ್ಣ ಪುಸ್ತಕ ನೋಡಿದ. ಕೈಬರಹ ತನ್ನದೇ. ಬರೆದ ನೆನಪು ಮಾತ್ರ ಇರಲಿಲ್ಲ. ತಲೆ ತುಂಬ ಒಂದೇ ಅಂಕಿ ಇಟ್ಟುಕೊಂಡು ತಿರುಗಿದವನ ಕೈ ಬೇರೇನು ಬರೆದೀತು ಎಂದು ನೀವು ನಾವು ತಿಳಿಯಬಹುದು. ಅವನಿಗೆ ಬೇರೆಯೇ ಹೊಳೆಯಿತು.

“ಬರೆದದ್ದು ನಾನೇ ಸಾರ್. ಬರೆಸಿದ್ದು ಯಾರೋ ಗೊತ್ತಿಲ್ಲ.”

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹಾಗಿದ್ರೆ ಅವರನ್ನೂ ಕರ್ಕೊಂಡು ಬನ್ನಿ. ಸೋಮವಾರದಿಂದ ಇಬ್ಬರೂ ಸೇರಿ ಇಪ್ಪತ್ತೆರಡು ಮನೆಯನ್ನೂ ಮತ್ತೆ ಓದಿ.”

ಆದರೆ ಸೋಮವಾರಕ್ಕೆ ಮೊದಲು ಭಾನುವಾರ ಬರುತ್ತದೆ. ಸುದ್ದಿ ಮಂದಿರಕ್ಕೆ ಹೋಗಿ, ಅಧ್ಯಕ್ಷರು ಸ್ವತಃ ಮನೆಗೆ ಬಂದರು. ಅವರು ಕೂತ ಕುರ್ಚಿಯ ಒಂದು ಕಾಲು ಗಿಡ್ಡವಾಗಿದ್ದುದರಿಂದ ಮಾತಿಗೊಮ್ಮೆ ಓಲಾಡುತ್ತಿದ್ದರು.

“ಗ್ರಂಥದಲ್ಲೂ ಹದಿನೇಳು, ನೀರಲ್ಲೂ ಹದಿನೇಳು! ಇಷ್ಟು ವರ್ಷ ಇಂಥ ರತ್ನವನ್ನು ಸ್ಟೂಲಿನ ಮೇಲೆ ಕೂರಿಸಿದ್ವಲ್ಲ! ಭಾನುವಾರ ಮಧ್ಯಾಹ್ನ ನೀವು ಮಾತಾಡ್ಬೇಕು. ನಾವೆಲ್ಲ ಕೇಳ್ತೀವಿ.”

ನಾವೆಲ್ಲ ಕೇಳ್ತೀವಿ! ನೀರಿನ ಹದಿನೇಳು ತನ್ನ ಕೈತಪ್ಪು ಇರಬಹುದು ಎಂಬ ಮಾತು ಮೀಟರಣ್ಣನ ಗಂಟಲ ತನಕ ಬಂತು. ಅಧ್ಯಕ್ಷರ ಈ ಮಾತು ಕೇಳಿ ಹಿಂದಿರುಗಿ ಹೋಯಿತು.

ಅಧ್ಯಾಯ ಐದನ್ನು ಅಕ್ಕ ಹೇಳುವುದು, ಇವನು ಕರಿಹಲಗೆಯ ಮೇಲೆ ಪದ್ಯಕ್ಕೊಂದರಂತೆ ಗೀಟು ಹಾಕುವುದು, ಕೊನೆಗೆ ಎಲ್ಲರ ಕಣ್ಣೆದುರೇ ಹದಿನೇಳು ನಿಲ್ಲುವುದು, ಇದು ಏರ್ಪಾಟು. ಅಕ್ಕ ಒಪ್ಪಲಿಲ್ಲ. ಮಂದಿರದಲ್ಲಿ ಹೇಳಿ ಅವಳಿಗೆ ಎಂಟು ವರ್ಷವಾಗಿತ್ತು. ಜನರೆದುರು ಉಸಿರು ಸಾಲುವುದಿಲ್ಲ ಎಂದಳು. ಇವನು ಎರಡು ದಿನ ಕಾಡಿದ.

“ನೀನು ಜೊತೆಗಿರ್ತೀಯಾ?” ಎಂದು ಕೇಳಿದಳು ಕೊನೆಗೆ.

“ಪಕ್ಕದಲ್ಲೇ ಇರ್ತೀನಕ್ಕ, ಹಲಗೆ ಹತ್ರ. ಮೂರೇ ಹೆಜ್ಜೆ.”

ಅಕ್ಕ ಮೂಲೆಯ ಸ್ಟೂಲಿನ ಕಡೆ ನೋಡಿದಳು. “ಆಯ್ತು,” ಎಂದಳು.

ಭಾನುವಾರ ಮಂದಿರದಲ್ಲಿ ಕುರ್ಚಿ ಸಾಲದೆ ಜನ ಕಿಟಕಿಯ ಕಟ್ಟೆಯ ಮೇಲೆಲ್ಲ ಕೂತಿದ್ದರು. ಮೂಲೆಮನೆಯಾಕೆ ಮೊದಲ ಸಾಲಿನಲ್ಲಿ ತನ್ನ ನೀರಿನ ಚೀಟಿಯನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ ಹಿಡಿದಿದ್ದಳು. ದರ್ಜಿ ಬಾಗಿಲ ಬಳಿ ನಿಂತಿದ್ದ. ಹಿಂದಿನ ಸಾಲಿನಲ್ಲಿ, ನಿವೃತ್ತರಾಗಿ ಹತ್ತು ವರ್ಷವಾದರೂ ಕೈಯಿಂದ ಸ್ಕೇಲು ಬಿಡದ ಲೆಕ್ಕದ ಟೀಚರಮ್ಮ ಗ್ರಂಥವನ್ನು ತೊಡೆಯ ಮೇಲೆ ತೆರೆದು ಕೂತಿದ್ದರು. ಆ ಬೀದಿಯ ಅರ್ಧ ಜನ ಅವರಿಂದ ಪೆಟ್ಟು ತಿಂದವರಾದ್ದರಿಂದ ಅವರ ಅಕ್ಕಪಕ್ಕದ ಕುರ್ಚಿಗಳು ಮಾತ್ರ ಖಾಲಿ ಇದ್ದವು.

ಮೀಟರಣ್ಣ ದರ್ಜಿ ಹೊಲಿದ ಹೊಸ ಅಂಗಿ ತೊಟ್ಟು, ಸೀಮೆಸುಣ್ಣ ಹಿಡಿದು ಹಲಗೆಯ ಪಕ್ಕ ನಿಂತ. ಅಕ್ಕನ ಎದುರಿನ ಸ್ಟೂಲು ಖಾಲಿ ಇತ್ತು. ಅದನ್ನು ಯಾರೂ ಗಮನಿಸಲಿಲ್ಲ, ಅಕ್ಕನೊಬ್ಬಳ ಹೊರತು.

ಅವಳು ಕಣ್ಣು ಮುಚ್ಚಿ ಶುರುಮಾಡಿದಳು. ಮೊದಲ ಪದ್ಯ. ಗೀಟು. ಎರಡನೆಯದು. ಗೀಟು. ಸಭೆ ಗಪ್‌ಚಿಪ್ ಆಯಿತು. ಎಂಟು ವರ್ಷದ ಹಿಂದೆ ಕೇಳಿದ್ದವರು ತಲೆ ತಗ್ಗಿಸಿದರು. ಮೂರು. ನಾಲ್ಕು. ಅಕ್ಕ ನಿಂತಳು.

ಮೀಟರಣ್ಣ ಸೀಮೆಸುಣ್ಣ ಎತ್ತಿ ಹಿಡಿದು ಐದನೆಯದಕ್ಕೆ ಕಾದ. ಅಕ್ಕ ಕಣ್ಣು ತೆರೆದು ಖಾಲಿ ಸ್ಟೂಲು ನೋಡಿದಳು, ಆಮೇಲೆ ಇವನನ್ನು ನೋಡಿದಳು. ಮನೆಯಾಗಿದ್ದರೆ ತಾನೇ ಹೇಳಿಕೊಂಡು ಮುಂದೆ ಹೋಗುತ್ತಿದ್ದಳು. ಮಂದಿರದಲ್ಲಿ ಅದನ್ನು ಎದುರಿನವನೇ ಹೇಳಬೇಕು. ಯಾರೋ ಕೆಮ್ಮಿದರು. ಫ್ಯಾನು ಕಟಕಟ ಎಂದಿತು. ಪಾಪ, ಅಕ್ಕ ಮರೆತಳು ಎಂದುಕೊಂಡ ಮೀಟರಣ್ಣ ಬಗ್ಗಿ, ಇಡೀ ಮಂದಿರಕ್ಕೆ ಕೇಳುವಂತೆ ಪಿಸುಗುಟ್ಟಿದ.

“ಅಕ್ಕ, ಐದನೇದು! ಐದನೇದು!”

ಐವತ್ತು ವರ್ಷದಲ್ಲಿ ಒಂದು ಪದವನ್ನೂ ಮರೆಯದವಳು ಬಾಯಿ ತೆರೆದಳು, ಮುಚ್ಚಿದಳು. ಐದನೆಯದರ ಮೊದಲ ಪದ ಬಂತು, ಅಲ್ಲಿಗೇ ನಿಂತಿತು. ಮತ್ತೆ ಅದೇ ಪದ. ಕೈ ಸೆರಗಿನ ಅಂಚು ಹುಡುಕಿತು. ಮೀಟರಣ್ಣ ಸಭೆಯ ಕಡೆ ತಿರುಗಿ, ನಗುತ್ತ, ಆಮೇಲೆ ಜನ್ಮವಿಡೀ ನೆನೆದು ನಾಚಿದ ಮಾತನ್ನು ಹೇಳಿದ.

“ವಯಸ್ಸಾಯ್ತು ನೋಡಿ, ಕ್ಷಮಿಸ್ಬೇಕು.”

ಹಿಂದಿನ ಸಾಲಿನಿಂದ ಸ್ಕೇಲು ಕುರ್ಚಿಗೆ ಎರಡು ಸಲ ಬಡಿದ ಸದ್ದಾಯಿತು. ಅರ್ಧ ಸಭೆ ತಂತಾನೇ ಕೈ ಕಟ್ಟಿ ಕೂತಿತು.

“ಅವರು ಮರೆತಿಲ್ಲ,” ಎಂದರು ಟೀಚರಮ್ಮ. “ಕಾಯ್ತಿದ್ದಾರೆ. ಎದುರು ಕೂತವರ ಸಾಲು ಎಲ್ಲಿ? ಇಲ್ಲಿದೆ ನೋಡಿ, ನಾಲ್ಕು ಪದ್ಯ ಆದಮೇಲೆ, ಕೆಂಪಕ್ಷರದಲ್ಲಿ. ಇದನ್ನ ನಿಮ್ಮ ಎಣಿಕೆಗೆ ತಗೊಂಡಿಲ್ವಾ?”

ಮೀಟರಣ್ಣ ಯೋಚಿಸಿ ಉತ್ತರಿಸಿದ್ದರೆ ಏನಾಗುತ್ತಿತ್ತೋ. ಆದರೆ ಕೆಲವು ಉತ್ತರಗಳು ಯೋಚನೆಗೆ ಮೊದಲೇ ಬಾಯಿಯಲ್ಲಿ ತಯಾರಾಗಿರುತ್ತವೆ.

“ಕೆಂಪು ನಮಗೆ ಬೇಡಮ್ಮ,” ಎಂದ. “ಕಪ್ಪು ಮಾತ್ರ.”

ಮಂದಿರಕ್ಕೆ ಮಂದಿರವೇ ನಕ್ಕಿತು. ಕಿಟಕಿಯ ಮೇಲೆ ಕೂತವರು ಬೀಳದಂತೆ ಸರಳು ಹಿಡಿದುಕೊಂಡರು. ಮೂಲೆಮನೆಯಾಕೆ, “ನನಗೂ ಹಾಗೇ ಹೇಳಿದ್ರು, ನನಗೂ ಹಾಗೇ ಹೇಳಿದ್ರು!” ಎಂದು ಚೀಟಿ ಬೀಸಿದಳು. ನಗದವರು ಮೂವರು: ಟೀಚರಮ್ಮ, ಅಕ್ಕ, ಮತ್ತು ತಾನು ಏನು ಹೇಳಿದೆನೆಂದು ಅಷ್ಟು ಹೊತ್ತಿಗೆ ತನಗೇ ಕೇಳಿಸಿದ ಮೀಟರಣ್ಣ.

“ಈ ಅಧ್ಯಾಯದಲ್ಲಿ ಕೆಂಪು ಸಾಲು ಆರಿದೆ,” ಎಂದರು ಟೀಚರಮ್ಮ. “ಹದಿನೇಳು, ಆರು, ಇಪ್ಪತ್ಮೂರು. ಉಳಿದ ಅಧ್ಯಾಯಗಳನ್ನೂ ಎಣಿಸಿ ನೋಡಿದೆ. ಮೂರನೇದಕ್ಕೆ ತಲೆಬರಹ ಸೇರಿಸಿದ್ದೀರಿ, ಆರನೇದಕ್ಕೆ ಮಂಗಳ ಬಿಟ್ಟಿದ್ದೀರಿ. ಇಷ್ಟು ಸಡಿಲ ಕೊಟ್ರೆ ಹದಿನೇಳು ಎಲ್ಲಿ ಬೇಕಾದ್ರೂ ಬರುತ್ತೆ. ಬಾಗಿಲಲ್ಲಿ ‘ಮೊಬೈಲ್ ಬಂದ್ ಮಾಡಿ’ ಅಂತ ಅಧ್ಯಕ್ಷರು ಸೂಚನೆ ಅಂಟಿಸಿದ್ದಾರಲ್ಲ, ಅದರಲ್ಲೂ ತಾರೀಕು ಬಿಟ್ಟು ಸಹಿ ಸೇರಿಸಿದ್ರೆ ಸರಿಯಾಗಿ ಹದಿನೇಳು ಪದ. ಈಗ ತಾನೇ ಎಣಿಸಿದೆ.”

ಅಧ್ಯಕ್ಷರು ತಾವು ದೈವಪ್ರೇರಿತರೋ ಎಂದು ಒಂದು ಕ್ಷಣ ಬಾಗಿಲ ಕಡೆ ನೋಡಿದರು.

“ನಿಮ್ಮ ನಂಬಿಕೆ ತಪ್ಪು ಅಂತ ನಾನು ಹೇಳಲ್ಲ,” ಎಂದು ಟೀಚರಮ್ಮ ದನಿ ತಗ್ಗಿಸಿದರು. “ನಾನೂ ನಂಬಿದವಳೇ. ಲೆಕ್ಕ ತಪ್ಪು ಅಂತಷ್ಟೇ ಹೇಳ್ತಿದ್ದೀನಿ. ಎರಡನ್ನೂ ತಂದು ಒಂದಕ್ಕೊಂದು ಗಂಟು ಹಾಕಿದ್ದು ನೀವು.”

“ಇಪ್ಪತ್ಮೂರೂ ಕೆಟ್ಟ ಅಂಕಿಯೇನಲ್ಲ,” ಎಂದ ದರ್ಜಿ ಬಾಗಿಲಿಂದ. ಹದಿನೇಳರ ಚೀಟಿ ಕೈತಪ್ಪಿ ಹೋಗುವ ಸಂಕಟ ಅವನದ್ದು.

ಅಧ್ಯಕ್ಷರು ಎದ್ದು ಕುರ್ಚಿ ಜೋಡಿಸಿದವರಿಗೆ, ಮೈಕಿನವನಿಗೆ ವಂದನೆ ಹೇಳಿ ಸಭೆ ಮುಗಿಸಿದರು. ಅಕ್ಕ ಅಷ್ಟರಲ್ಲಿ ಗೋಡೆ ಹಿಡಿದುಕೊಂಡು ಒಬ್ಬಳೇ ಹೊರಗೆ ನಡೆದಿದ್ದಳು. ಹಲಗೆಯ ಮೇಲೆ ನಾಲ್ಕು ಗೀಟು ಉಳಿದಿದ್ದವು.

ಸೋಮವಾರದಿಂದ ಮೀಟರಣ್ಣ ಇಪ್ಪತ್ತೆರಡು ಗುಂಡಿಗೂ ಮತ್ತೆ ಇಳಿದ. “ಏನ್ ಮೀಟರಣ್ಣ, ಇವತ್ತು ದೇವರು ಎಷ್ಟು ಹೇಳ್ತಾನೆ?” ಎಂದು ಬೀದಿ ಕೇಳಿತು. ಮೂಲೆಮನೆಗೆ ಒಂಬತ್ತು ಬಂತು. ದರ್ಜಿಗೆ ಮೂವತ್ತೆರಡು ಬಂದು, ಅವನ ನಾಸ್ತಿಕತೆ ಪೂರ್ತಿಯಾಗಿ ಮರಳಿತು. ಇವೆಲ್ಲ ಎಂಟು ದಿನದ ಮಾತು. ಒಂಬತ್ತನೆಯ ದಿನ ಬೀದಿಗೆ ಬೇರೆ ವಿಷಯ ಸಿಕ್ಕಿತು. ಗುಂಡಿಯೊಳಗೆ ಬಗ್ಗಿದಾಗಲೆಲ್ಲ ಮೀಟರಣ್ಣನ ಕಣ್ಣು ಮಾತ್ರ ಕೆಂಪಂಕಿಯ ಮೇಲೇ ನಿಲ್ಲುತ್ತಿತ್ತು. ತುಂಬಿದ ಅಂಕಿ ಅಲುಗದೆ ಕೂತಿರುತ್ತದೆ. ಕೆಂಪು ಒಂದೇ ತಿರುಗುತ್ತಿರುತ್ತದೆ. ಮನೆಯೊಳಗೆ ಯಾರೋ ಇದ್ದಾರೆ, ನಲ್ಲಿ ತಿರುಗಿಸಿದ್ದಾರೆ, ಪಾತ್ರೆ ತೊಳೆಯುತ್ತಿದ್ದಾರೆ ಎಂದು ಅದೇ ತಾನೇ ಹೇಳುವುದು? ಮೂವತ್ತೊಂದು ವರ್ಷ ಅದನ್ನು ಬೇಡ ಎಂದಿದ್ದ.

ಮನೆಯಲ್ಲಿ ಅಕ್ಕ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಕಾಲು ಹಿಡಿಯಬಹುದಿತ್ತು. ಚಹಾ ಕೊಟ್ಟಳು, ಅಂಗಿಯ ಗುಂಡಿ ಹಾಕಿಕೊಟ್ಟಳು, ಹಣೆಯ ಜೇಡರ ಬಲೆ ಒರೆಸಿದಳು. ಸಂಜೆ ಆರಾದರೆ ಮಾತ್ರ ಒಗೆದ ಬಟ್ಟೆ ಮಡಿಸಲು ಕೂರುವಳು. ಇಬ್ಬರ ಮನೆಯಲ್ಲಿ ದಿನಾ ಮಡಿಸುವಷ್ಟು ಬಟ್ಟೆ ಎಲ್ಲಿಂದ ಬರಬೇಕು? ಮಡಿಸಿದ್ದನ್ನೇ ಬಿಡಿಸಿ ಮತ್ತೆ ಮಡಿಸುವಳು. ಮೀಟರಣ್ಣ ಕೈಕಾಲು ತೊಳೆದು ಸ್ಟೂಲು ಎಳೆದುಕೊಂಡು ಎದುರು ಕೂರುತ್ತಿದ್ದ. ಏಳಕ್ಕೆ ಏಳುತ್ತಿದ್ದ.

ಹೀಗೆ ಹನ್ನೆರಡು ಸಂಜೆ ಕಳೆದವು. ಹದಿಮೂರನೆಯ ಸಂಜೆ ಬಾಯಿ ಬಿಟ್ಟ.

“ಅಕ್ಕ.”

“ಹೂಂ.”

“ನಾನು ಹಾಗೆ ಅನ್ನಬಾರದಿತ್ತು. ವಯಸ್ಸಾಯ್ತು ಅಂತ.”

“ವಯಸ್ಸಾಗಿದೆಯಲ್ಲ. ಅದರಲ್ಲೇನು ಸುಳ್ಳು?” ಅಕ್ಕ ಟವೆಲ್ಲಿನ ಅಂಚಿಗೆ ಅಂಚು ಕೂಡಿಸಿದಳು. “ಅಡುಗೆಮನೆಯಲ್ಲಿ ಒಬ್ಬಳೇ ಹೇಳಿ ನೋಡಿದೆ ಕಣೋ. ನಾಲ್ಕು ಪದ್ಯ ಬರುತ್ತೆ. ಆಮೇಲೆ ನಿಂತು ಕಾಯ್ತೀನಿ. ಅಮ್ಮನಿಗೆ ನಾನಿದ್ದೆ, ನನಗೆ ನೀನಿದ್ದೆ. ಆ ಸಾಲು ಕೇಳಿದ್ರೆ ಮುಂದಿನದು ತಾನಾಗಿ ಬರ್ತಿತ್ತು. ಈಗ ಕಾಲಿಟ್ರೆ ಮೆಟ್ಟಿಲೇ ಇಲ್ಲ.”



“ನಾನೂ ಎಣಿಸಿದ್ದೆ,” ಎಂದಳು ಅಕ್ಕ. “ನೀನು ಲೆಕ್ಕ ಹಾಕ್ತಾ ಕೂತಿದ್ಯಲ್ಲ, ಆ ದಿನಗಳಲ್ಲಿ. ನಾನು ನಿಂತು ಕಾದಿದ್ದು, ನೀನು ಹೇಳದೇ ಇದ್ದದ್ದು. ಮೂವತ್ತೊಂಬತ್ತು ಸಲ. ನಿನ್ನ ಹದಿನೇಳರಿಂದ ಭಾಗ ಆಗುತ್ತಾ?”

ಸುಮ್ಮನಿರಬೇಕಿತ್ತು. ಯಾರಾದರೂ ಸುಮ್ಮನಿರುತ್ತಿದ್ದರು.

“ಐದು ಉಳಿಯುತ್ತೆ,” ಎಂದ ಮೀಟರಣ್ಣ.

“ಉಳಿಯುತ್ತೆ, ಅಲ್ವಾ,” ಎಂದಳು ಅಕ್ಕ.

ಟವೆಲ್ಲು ಮಡಿಕೆಯಾಯಿತು. ಹೊರಗೆ ದರ್ಜಿಯ ಮಿಷನ್ನು ಸ್ವಲ್ಪ ಓಡಿ ನಿಂತಿತು. ಮೀಟರಣ್ಣ ಸ್ಟೂಲನ್ನು ಒಂದು ಗೇಣು ಮುಂದೆ ಎಳೆದುಕೊಂಡು, ಎರಡೂ ಕೈಯನ್ನು ಬೆರಳು ಮಡಿಸದೆ ತೊಡೆಯ ಮೇಲೆ ಅಂಗಾತ ಇಟ್ಟ.

“ಕೇಳುತ್ತಿದ್ದೇನೆ, ಇಲ್ಲೇ ಇದ್ದೇನೆ,” ಎಂದ. ಪದ್ಯವಿಲ್ಲದ ಆ ಸಾಲು ಕೋಣೆಯಲ್ಲಿ ಒಂಟಿಯಾಗಿ ನಿಂತಿತು. “ಐದನೇ ಅಧ್ಯಾಯ ಹೇಳಕ್ಕ. ಅದು ಬೇಡವಾದ್ರೆ ಯಾವುದಾದ್ರೂ ಒಂದೇ ಪದ್ಯ. ನಾನು ಎಣಿಸಲ್ಲ. ಒಂದು ಸಾಲೂ ಬಿಡಲ್ಲ. ಒಂದೇ ಒಂದು ಹೇಳು.”

ಅಕ್ಕ ಮಡಿಸಿದ ಟವೆಲ್ಲನ್ನು ಬಿಡಿಸಿ ಮತ್ತೆ ತೊಡೆಯ ಮೇಲೆ ಹರವಿಕೊಂಡಳು.

“ಇಲ್ಲ ಮರಿ,” ಎಂದಳು. “ಹೇಳಲ್ಲ.”